ಅನ್ಯರ ಕೈಗೆ ಒಪ್ಪಿಸುವ ಧರ್ಮ

ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ತ್ರಿಮರ್ಮೀಯವೆಂಬ ಅಧ್ಯಾಯವೊಂದುಂಟು. ಅದರಲ್ಲಿ ನೇತ್ರರೋಗಗಳ ಪ್ರಸ್ತಾಪವು ಬಂದಾಗ ಗ್ರಂಥಕಾರನು ಈ ರೋಗಗಳ ಲಕ್ಷಣವೂ ಚಿಕಿತ್ಸೆಯೂ ಶಾಲಾಕ್ಯತಂತ್ರಗಳಲ್ಲಿ ನಿರೂಪಿತವಾಗಿವೆಯೆಂದೂ, ಪರರ ಅಧಿಕಾರಕ್ಕೆ ಸೇರಿದ ವಿಷಯದಲ್ಲಿ ವಿಸ್ತಾರವಾಗಿ ಮಾತನಾಡುವುದು ಪ್ರಶಸ್ತವಲ್ಲವೆಂದೂ, ಆದಕಾರಣ ತಾನು ಅಲ್ಲಿ ಪ್ರಯಾಸಪಡುವುದಿಲ್ಲವೆಂದೂ ತಿಳಿಸುತ್ತಾನೆ. ಗುಲ್ಮರೋಗದ ಪ್ರಕರಣದಲ್ಲಿಯೂ, ಶಸ್ತ್ರಕ್ರಿಯೆಯು ಅವಶ್ಯವಾದ ಕಡೆ ಅಧಿಕಾರವು ಧನ್ವಂತರಿಯ ಸಂಪ್ರದಾಯದವರಿಗೆ ಸೇರಿದ್ದೆಂದು ಒಪ್ಪಿಕೊಂಡಿರುವನು. ಗ್ರೀಸ್ ದೇಶದಲ್ಲಿ ಹಿಪ್ಪೊಕ್ರೇಟಸನ ಹೆಸರಿನಿಂದ ಪ್ರಸಿದ್ಧವಾದ ಪ್ರತಿಜ್ಞೆಯಲ್ಲಿಯೂ, ಅಶ್ಮರಿಯಿಂದ ನರಳುವವನ ಮೇಲೆ ತಾನು ಶಸ್ತ್ರವನ್ನು ಪ್ರಯೋಗಿಸದೆ ಆ ಕೆಲಸವನ್ನು ಅದರಲ್ಲಿ ನುರಿತವರಿಗೆ ಬಿಟ್ಟುಕೊಡುವೆನೆಂಬ ಅಭಿಪ್ರಾಯವಿದೆ. ತನ್ನ ವಿದ್ಯೆಯ ಮೇರೆಯನ್ನು ಅರಿತು ರೋಗಿಯನ್ನು ಇನ್ನೊಬ್ಬನ ಬಳಿಗೆ ಕಳುಹಿಸುವ ಪದ್ಧತಿಯು ಇಂದಿನದಲ್ಲ.

ಆದರೆ ‘ಇದು ನನ್ನ ಅಧಿಕಾರಕ್ಕೆ ಸೇರಿದ್ದಲ್ಲ’ ಎಂಬ ಮಾತಿಗೆ ಎರಡು ಮುಖಗಳುಂಟು. ಒಬ್ಬನು ಅದನ್ನು ವಿನಯದಿಂದ ಆಡುತ್ತಾನೆ; ಇನ್ನೊಬ್ಬನು ಕೈತೊಳೆದುಕೊಳ್ಳುವುದಕ್ಕಾಗಿ ಆಡುತ್ತಾನೆ. ಕೇಳುವವನ ಕಿವಿಗೆ ಎರಡೂ ಒಂದೇ ಆಗಿರುತ್ತವೆ. ಚರಕನು ಅಷ್ಟು ಹೇಳಿ ಬಾಯಿಮುಚ್ಚಿ ಕುಳಿತವನಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಸಾಮಾನ್ಯ ವೈದ್ಯನಿಗೆ ತಿಳಿದಿರಬೇಕಾದ ಕೆಲವು ಲೇಪಗಳನ್ನೂ ಅಂಜನಗಳನ್ನೂ ಅದೇ ಅಧ್ಯಾಯದಲ್ಲಿ ಸಂಕ್ಷೇಪವಾಗಿ ಹೇಳಿಯೇ ಮುಂದೆ ಹೋಗಿದ್ದಾನೆ. ವಿಸ್ತಾರವು ಪರರದು, ಸಂಕ್ಷೇಪವು ತನ್ನದು ಎಂಬುದು ಅವನ ನಡೆವಳಿಕೆ. ಹಾಗಾದರೆ ರೋಗಿಯನ್ನು ಅನ್ಯರ ಕೈಗೆ ಒಪ್ಪಿಸಿದ ಬಳಿಕ ಮೊದಲನೆಯ ವೈದ್ಯನಲ್ಲಿ ಉಳಿಯುವುದೇನು? ಅವನ ಋಣವು ಅಲ್ಲಿಗೆ ತೀರಿತೆ?

ಈ ಪ್ರಶ್ನೆಯನ್ನು ಯಾವ ಅಂಗದ ವಿಷಯದಲ್ಲಾದರೂ ಕೇಳಬಹುದು. ಆದರೆ ಅಕ್ಷಿಪಟಲದ ವಿಷಯದಲ್ಲಿ ಕೇಳಿದಷ್ಟು ತೀಕ್ಷ್ಣವಾಗಿ ಬೇರೆಡೆಯಲ್ಲಿ ಅದು ಕಾಣಿಸುವುದಿಲ್ಲ. ವೈದ್ಯರು ರೆಟಿನಾ ಎಂದು ಕರೆಯುವ ಈ ಪಟಲವು ಕಣ್ಣಿನ ಹಿಂಭಾಗದಲ್ಲಿ ಒಳಗಡೆಗೆ ಅಂಟಿಕೊಂಡಿರುವ ಬಹು ತೆಳುವಾದ ಪೊರೆ. ಬೆಳಕನ್ನು ನರಗಳ ಭಾಷೆಗೆ ಮಾರ್ಪಡಿಸುವುದು ಇದೇ. ಕನ್ನಡನಾಡಿನ ಮನೆಗಳಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಯೆಂದರೆ ಮೋತಿಬಿಂದುವಿನ ಪೊರೆ ತೆಗೆಯುವುದೆಂದೇ ಬಹುಕಾಲ ಅರ್ಥವಾಗಿತ್ತು. ಡಾಕ್ಟರ್ ಎಂ. ಸಿ. ಮೋದಿಯವರು ಊರೂರುಗಳಲ್ಲಿ ನಡೆಸಿದ ಶಿಬಿರಗಳಿಂದ ಆ ಅರ್ಥವು ಇನ್ನೂ ಬೇರೂರಿತು. ಮೋತಿಬಿಂದುವು ಕಾಯುತ್ತದೆ. ಈ ವರ್ಷ ತೆಗೆಯದಿದ್ದರೆ ಸಾಮಾನ್ಯವಾಗಿ ಬರುವ ವರ್ಷ ತೆಗೆಯಬಹುದು. ಕೆಟ್ಟ ಮಸೂರದ ಸ್ಥಾನದಲ್ಲಿ ಬೇರೆಯದನ್ನು ಇಡಬಹುದು. ಅಕ್ಷಿಪಟಲವಾದರೋ ಕಾಯುವುದೂ ಇಲ್ಲ, ಅದರ ಸ್ಥಾನದಲ್ಲಿ ಬೇರೊಂದನ್ನು ಇಡುವ ವಿದ್ಯೆಯೂ ಇಲ್ಲ. ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ಪಂಡಿತನು 1851ರಲ್ಲಿ ತನ್ನ ನೇತ್ರದರ್ಶಕವನ್ನು ಪ್ರಕಟಿಸುವವರೆಗೆ ಜೀವಂತ ಮನುಷ್ಯನ ಅಕ್ಷಿಪಟಲವನ್ನು ಸ್ಪಷ್ಟವಾಗಿ ನೋಡುವುದೇ ವೈದ್ಯರಿಗೆ ಸಾಧ್ಯವಿರಲಿಲ್ಲ. ಅದು ತನ್ನ ನೆಲೆಯಿಂದ ಕಳಚಿಕೊಂಡರೆ ಕಣ್ಣು ಹೋಯಿತೆಂದೇ ಲೆಕ್ಕ. ಅದರಲ್ಲಿ ಬಿದ್ದ ಹರಕೇ ಕಳಚುವಿಕೆಗೆ ಮೂಲವೆಂದೂ, ಹರಕನ್ನು ಮುಚ್ಚಿದರೆ ಕಣ್ಣು ಉಳಿಯಬಹುದೆಂದೂ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಜೂಲ್ ಗೊನ್ಯಾನನು 1920ರ ದಶಕದಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟನು. ಕಣ್ಣಿನೊಳಗಣ ಗಾಜಿನಂಥ ಲೋಳೆಯನ್ನು ಸೂಕ್ಷ್ಮ ರಂಧ್ರಗಳ ಮೂಲಕ ತೆಗೆದು ಕೆಲಸ ಮಾಡುವ ಕ್ರಮವನ್ನು ಅಮೆರಿಕದ ಮಯಾಮಿಯಲ್ಲಿ ರಾಬರ್ಟ್ ಮ್ಯಾಕೆಮರನು ತೊಡಗಿದ್ದು 1970ರಲ್ಲಿ. ಹೀಗೆ ಇದು ಹೊಸ ವಿದ್ಯೆ, ಕೈಗೆ ಬರುವುದಕ್ಕೆ ವರ್ಷಗಳು ಹಿಡಿಯುವ ವಿದ್ಯೆ. ಕಣ್ಣಿನ ವೈದ್ಯರೆಲ್ಲರೂ ಇದನ್ನು ಬಲ್ಲವರಲ್ಲ, ಬಲ್ಲವರಾಗಬೇಕೆಂದು ಅಪೇಕ್ಷಿಸುವುದೂ ನ್ಯಾಯವಲ್ಲ.

ಇದಕ್ಕೆ ಇನ್ನೊಂದು ವಿಶೇಷವು ಸೇರಿದೆ. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಮಧುಮೇಹವು ಅದರ ಸಣ್ಣ ರಕ್ತನಾಳಗಳನ್ನು ವರ್ಷಗಟ್ಟಲೆ ಕೊರೆಯುತ್ತಿದ್ದರೂ ರೋಗಿಯು ಪತ್ರಿಕೆಯನ್ನು ಓದುತ್ತ, ಪಂಚಾಂಗವನ್ನು ನೋಡುತ್ತ ನಿಶ್ಚಿಂತನಾಗಿರಬಹುದು. ಕಣ್ಣು ಮಸುಕಾಯಿತೆಂದು ಅವನು ಬರುವ ಹೊತ್ತಿಗೆ ಲೇಸರಿನಿಂದ ಉಳಿಸಬಹುದಾಗಿದ್ದುದರಲ್ಲಿ ಬಹುಪಾಲು ಕಳೆದಿರುತ್ತದೆ. 1976ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪರೀಕ್ಷೆಯೊಂದರಲ್ಲಿ, ಇಂಥ ಕಣ್ಣುಗಳಿಗೆ ಲೇಸರಿನಂಥ ಬೆಳಕಿನ ಚಿಕಿತ್ಸೆ ಮಾಡಿದಾಗ ತೀವ್ರ ದೃಷ್ಟಿನಾಶವು ಅರ್ಧಕ್ಕಿಂತ ಹೆಚ್ಚಾಗಿ ತಗ್ಗಿತೆಂದು ಕಂಡುಬಂದಿತು; ಆದರೆ ಆ ಚಿಕಿತ್ಸೆಯು ಇರುವುದನ್ನು ಕಾಯುವುದೇ ಹೊರತು ಹೋದುದನ್ನು ತರುವುದಲ್ಲ. ಆದ್ದರಿಂದ ರೋಗಿಯು ದೂರುವುದಕ್ಕೆ ಮುಂಚೆಯೇ ಅವನನ್ನು ಕಳುಹಿಸಬೇಕಾದವನು ಸಕ್ಕರೆ ಕಾಯಿಲೆಯನ್ನು ನೋಡಿಕೊಳ್ಳುತ್ತಿರುವ ಸಾಮಾನ್ಯ ವೈದ್ಯನು. ನಡುವಯಸ್ಸಿನಲ್ಲಿ ಬರುವ ಮಧುಮೇಹವಾದರೆ ರೋಗವು ಗೊತ್ತಾದ ದಿನವೇ ಕಣ್ಣಿನ ಪರೀಕ್ಷೆಗೆ ಹೇಳಬೇಕೆಂಬುದು ಈಗಿನ ವೈದ್ಯಶಾಸ್ತ್ರದ ವಿಧಿ. ಕೇಳದೆ ಇರುವವನಿಗೆ ಕೊಡಬೇಕಾದ ಸಲಹೆಯಿದು. ಕೊಡದಿದ್ದರೆ ಕೇಳುವವರು ಯಾರೂ ಇಲ್ಲ. ಧರ್ಮದ ಪರೀಕ್ಷೆಯು ಇಂಥ ಕಡೆಯಲ್ಲಿಯೇ ನಡೆಯುವುದು.

ಕಳುಹಿಸದಿರುವುದಕ್ಕೆ ಕಾರಣಗಳು ಹಲವಾಗಿರಬಹುದು. ರೋಗಿಯು ಕೈತಪ್ಪಿಹೋಗುವನೆಂಬ ಅಂಜಿಕೆಯುಂಟು. ತನಗೆ ತಿಳಿಯದೆಂದು ಒಪ್ಪಿಕೊಂಡರೆ ಊರಿನಲ್ಲಿ ಗೌರವವು ಕುಂದುವುದೆಂಬ ಭಾವನೆಯುಂಟು. ಇವೆರಡಕ್ಕಿಂತಲೂ ಹೆಚ್ಚಾಗಿ, ನಾಳೆ ನೋಡೋಣವೆಂಬ ಆಲಸ್ಯವುಂಟು. ಒಂದು ಪ್ರಸಂಗವು ನ್ಯಾಯಾಲಯದ ದಾಖಲೆಯಲ್ಲಿಯೇ ಉಳಿದಿದೆ. ತಮಿಳುನಾಡಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ 1996ರಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಹೆಣ್ಣು ಶಿಶುವಿನ ಕಣ್ಣುಗಳನ್ನು ಸಕಾಲದಲ್ಲಿ ಪರೀಕ್ಷಿಸಲಿಲ್ಲ. ಅಕಾಲಜನನದ ಶಿಶುಗಳ ಅಕ್ಷಿಪಟಲಕ್ಕೆ ತಗಲುವ ರೋಗದಿಂದ ಅದು ದೃಷ್ಟಿಯನ್ನು ಕಳೆದುಕೊಂಡಿತು. ಭಾರತದ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಸುಮಾರು 1.8 ಕೋಟಿ ರೂಪಾಯಿಗಳ ಪರಿಹಾರವನ್ನು ವಿಧಿಸಿತು. ಎಳೆಯ ಶಿಶುವು ತನಗೆ ಕಾಣುವುದಿಲ್ಲವೆಂದು ಹೇಳಲಾರದು. 2 ಕಿಲೋಗ್ರಾಮಿಗಿಂತ ಕಡಮೆ ತೂಕದ, ಅಥವಾ 34 ವಾರಗಳು ತುಂಬದೆ ಹುಟ್ಟಿದ ಶಿಶುವನ್ನು 30 ದಿನಗಳೊಳಗೆ ಅಕ್ಷಿಪಟಲವನ್ನು ಬಲ್ಲವರಿಗೆ ತೋರಿಸಬೇಕೆಂಬುದು ಈ ದೇಶದ ವೈದ್ಯರು ಮಾಡಿಕೊಂಡಿರುವ ನಿಯಮ. ಈ ಮೂವತ್ತು ದಿನಗಳನ್ನು ಎಣಿಸಬೇಕಾದವನು ಮಕ್ಕಳ ವೈದ್ಯನು, ಬಾಣಂತಿಯಲ್ಲ, ಅಜ್ಜಿಯಲ್ಲ.

ಕಳುಹಿಸದಿರುವ ತಪ್ಪಿಗೆ ಎದುರಾಗಿ, ಸುಲಭವಾಗಿ ಕಳುಹಿಸಿಬಿಡುವ ತಪ್ಪೂ ಇದೆ. ಇದು ಮೊದಲನೆಯದಷ್ಟು ನಿಂದೆಗೆ ಗುರಿಯಾಗುವುದಿಲ್ಲ, ಏಕೆಂದರೆ ನೋಡುವವರಿಗೆ ಇದು ಎಚ್ಚರಿಕೆಯಂತೆಯೇ ತೋರುತ್ತದೆ. ‘ದೊಡ್ಡ ಆಸ್ಪತ್ರೆಗೆ ಹೋಗಿ’ ಎಂದು ಚೀಟಿಯ ಮೇಲೆ ಬರೆದು ಕೊಡುವುದಕ್ಕೆ ಅರ್ಧ ನಿಮಿಷ ಸಾಕು. ಯಾವ ಆಸ್ಪತ್ರೆ, ಯಾರ ಬಳಿ, ಎಷ್ಟು ದಿನಗಳೊಳಗೆ, ಹೋಗದಿದ್ದರೆ ಏನಾಗುವುದು ಎಂಬುದೊಂದನ್ನೂ ಹೇಳದೆ ಕಳುಹಿಸಿದರೆ, ಕೂಲಿ ಮಾಡಿ ಬದುಕುವವನು ಆ ಚೀಟಿಯನ್ನು ಜಂತಿಗೆ ಸಿಕ್ಕಿಸಿ ಸುಮ್ಮನಾಗುವನು. ಕಣ್ಣಿನಲ್ಲಿ ಮಿಂಚು ಹೊಡೆದಂತಾಗಿ, ಕಪ್ಪು ಚುಕ್ಕೆಗಳು ತೇಲಿ, ಒಂದು ಮಗ್ಗುಲಿಂದ ಪರದೆ ಇಳಿದಂತಾದರೆ ಅದು ಇಂದೋ ನಾಳೆಯೋ ಮಾಡಬೇಕಾದ ಪ್ರಯಾಣ. ದೃಷ್ಟಿಯ ಕೇಂದ್ರವು ಕಳಚುವ ಮೊದಲು ತಲುಪಿದವನಿಗೂ ಕಳಚಿದ ಮೇಲೆ ತಲುಪಿದವನಿಗೂ ಫಲದಲ್ಲಿ ಬಹಳ ಅಂತರವಿದೆ. ಅದನ್ನು ‘ಬಿಡುವಾದಾಗ ತೋರಿಸಿಕೊಳ್ಳಿ’ ಎಂಬ ಧ್ವನಿಯಲ್ಲಿ ಹೇಳಿದ ವೈದ್ಯನು ರೋಗಿಯನ್ನು ಕಳುಹಿಸಿದನೆಂದು ಎಣಿಸಲಾಗದು. ಕಳುಹಿಸಿದ್ದಕ್ಕಾಗಿ ತಜ್ಞನಿಂದ ಹಣದ ಪಾಲನ್ನು ಪಡೆಯುವವರ ವಿಚಾರವನ್ನು ಇಲ್ಲಿ ಬೆಳೆಸಬೇಕಾದದ್ದಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯು ಅದನ್ನು ನೇರವಾಗಿ ನಿಷೇಧಿಸಿದೆ. ಅದಕ್ಕೆ ಸಮರ್ಥನೆಯನ್ನು ಯಾರೂ ಹುಡುಕಿಲ್ಲ.

ವೈದ್ಯನ ಋಣವು ಎಲ್ಲಿಗೆ ತೀರುವುದೆಂಬ ಪ್ರಶ್ನೆಗೆ ಧರ್ಮಶಾಸ್ತ್ರದ ಒಂದು ಪ್ರಕರಣವು ಸಹಾಯಕವಾಗಬಹುದು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ನಂಬಿಕೆಯ ಮೇಲೆ ಒಬ್ಬನ ಬಳಿ ಇಟ್ಟ ಒಡವೆಯ ವಿಚಾರವಿದೆ. ಇಟ್ಟುಕೊಂಡವನು ಅದನ್ನು ಹಾಗೆಯೇ ಹಿಂದಿರುಗಿಸಬೇಕು. ಅರಸನಿಂದಾಗಲಿ ದೈವದಿಂದಾಗಲಿ ಕಳ್ಳರಿಂದಾಗಲಿ ನಷ್ಟವಾದರೆ ಮಾತ್ರ ಅವನು ಹೊಣೆಯಲ್ಲ. ಈ ವಿಧಿಯು ಯಾವ ಯಾವ ಬಗೆಯ ಒಡವೆಗಳಿಗೆ ಅನ್ವಯಿಸುವುದೆಂದು ಹೇಳುವಾಗ ಸ್ಮೃತಿಕಾರನು ‘ಅನ್ವಾಹಿತ’ ಎಂಬುದೊಂದನ್ನು ಸೇರಿಸಿದ್ದಾನೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ ಆ ಪದವನ್ನು ಬಿಡಿಸಿ, ಒಬ್ಬನ ಕೈಯಲ್ಲಿ ಇಟ್ಟದ್ದನ್ನು ಅವನು ಅನಂತರ ಒಡೆಯನಿಗೆ ತಲುಪಿಸೆಂದು ಮತ್ತೊಬ್ಬನ ಕೈಯಲ್ಲಿಟ್ಟರೆ ಅದು ಅನ್ವಾಹಿತವೆಂದು ವಿವರಿಸುವನು. ಎರಡನೆಯ ಕೈಗೆ ಹೋದ ಮಾತ್ರಕ್ಕೆ ಒಡವೆಯ ಸ್ವರೂಪವು ಬದಲಾಗುವುದಿಲ್ಲ. ಅದು ನಂಬಿಕೆಯ ವಸ್ತುವಾಗಿಯೇ ಉಳಿದು, ಕೊನೆಗೆ ಒಡೆಯನನ್ನೇ ಸೇರಬೇಕು.

ರೋಗಿಯು ವೈದ್ಯನ ಬಳಿಯಲ್ಲಿ ಇಡುವುದು ತನ್ನ ಕಣ್ಣನ್ನು. ವೈದ್ಯನು ಅದನ್ನು ಅಕ್ಷಿಪಟಲದ ತಜ್ಞನ ಕೈಗೆ ಒಪ್ಪಿಸಿದರೆ ಅದು ಅನ್ವಾಹಿತವಾಗುತ್ತದೆ. ತಜ್ಞನ ಕೈಯಲ್ಲಿ ರೋಗದ ಬಲದಿಂದ ಕಣ್ಣು ಹೋದರೆ ಅದು ದೈವದಿಂದಾದ ನಷ್ಟ, ಯಾರನ್ನೂ ದೂರುವಂತಿಲ್ಲ. ಆದರೆ ಮೊದಲನೆಯವನು ಹೇಳದೆ ಬಿಟ್ಟ ಒಂದು ಮಾತಿನಿಂದ, ಎರಡನೆಯವನು ಬರೆಯದೆ ಬಿಟ್ಟ ಒಂದು ಸಾಲಿನಿಂದ ಕಣ್ಣು ಹೋದರೆ ಅದನ್ನು ದೈವದ ಲೆಕ್ಕಕ್ಕೆ ಬರೆಯಲು ಯಾವ ಸ್ಮೃತಿಯೂ ಒಪ್ಪದು.

ರೋಗಿಯೇನು ಚಿನ್ನದ ಸರವೆ, ಕೈಯಿಂದ ಕೈಗೆ ದಾಟಿಸುವುದಕ್ಕೆ, ಎಂದು ಇಲ್ಲಿ ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವಾಗಿಯೇ ಇದೆ. ಒಡವೆಗೆ ಅಂಜಿಕೆಯಿಲ್ಲ; ಅದು ತನ್ನನ್ನು ಎಲ್ಲಿಗೆ ಒಯ್ಯುತ್ತಿರುವರೆಂದು ಕೇಳುವುದಿಲ್ಲ. ಇಲ್ಲಿಯಾದರೋ ಒಡೆಯನೂ ಒಡವೆಯೂ ಒಬ್ಬನೇ. ಆದಕಾರಣ ದಾಟಿಸುವಾಗ ಅವನ ಒಪ್ಪಿಗೆಯೂ ತಿಳಿವಳಿಕೆಯೂ ಬೇಕು. ಈಗ ನಡೆಯುವ ಪದ್ಧತಿಯಲ್ಲಿ ಒಂದು ವಿಚಿತ್ರವನ್ನು ಕಾಣಬಹುದು. ರೋಗಿಯ ಕೈಯಲ್ಲಿ ಒಂದು ಪತ್ರವನ್ನು ಕೊಡುತ್ತಾರೆ. ಅದು ಇಂಗ್ಲಿಷಿನಲ್ಲಿರುತ್ತದೆ, ಅದರಲ್ಲಿಯೂ ಸಂಕ್ಷಿಪ್ತಾಕ್ಷರಗಳಲ್ಲಿರುತ್ತದೆ. ತನ್ನ ಕಣ್ಣಿನ ಗತಿಯನ್ನು ತಾನೇ ಹೊತ್ತುಕೊಂಡು ಇನ್ನೂರು ಮೈಲಿ ಪ್ರಯಾಣ ಮಾಡುವ ಮನುಷ್ಯನಿಗೆ ಅದರಲ್ಲಿ ಏನಿದೆಯೆಂಬುದು ತಿಳಿಯದು. ವೈದ್ಯನಿಂದ ವೈದ್ಯನಿಗೆ ಹೋಗುವ ಪತ್ರವು ಶಾಸ್ತ್ರಭಾಷೆಯಲ್ಲಿರಲಿ, ಅದಕ್ಕೆ ಅಡ್ಡಿಯಿಲ್ಲ. ಅದರ ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲುಗಳನ್ನು ಬರೆಯುವುದಕ್ಕೆ ಏನು ಕಷ್ಟ? ‘ನಿಮ್ಮ ಬಲಗಣ್ಣಿನ ಒಳಪೊರೆ ಹರಿದಿದೆ. ಬುಧವಾರದೊಳಗೆ ಹೋಗಬೇಕು. ಜೊತೆಗೆ ಒಬ್ಬರಿರಲಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಒಯ್ಯಿರಿ.’ ಕಣ್ಣು ಕಾಣದಿದ್ದರೆ ಮನೆಯ ಹುಡುಗನು ಓದಿ ಹೇಳುವನು.

ಮೇಲೆ ಹೇಳಿದ 2002ರ ನಿಯಮಾವಳಿಯಲ್ಲಿ ಈ ಸಂದರ್ಭಕ್ಕೆ ಸೇರಿದ ಇನ್ನೊಂದು ವಿಧಿಯೂ ಇದೆ. ರೋಗಿಯನ್ನು ತಜ್ಞನ ಬಳಿಗೆ ಕಳುಹಿಸುವಾಗ ರೋಗದ ಸಾರಾಂಶವನ್ನು ಜೊತೆಗೆ ಕೊಡಬೇಕು. ತಜ್ಞನು ತನ್ನ ಅಭಿಪ್ರಾಯವನ್ನು ಲಿಖಿತವಾಗಿ ಮೊದಲನೆಯ ವೈದ್ಯನಿಗೆ ತಿಳಿಸಬೇಕು. ಹೋಗುವ ಪತ್ರವನ್ನು ಹೇಗೋ ಬರೆಯುತ್ತಾರೆ. ಮರುಪತ್ರವು ಬರುವುದು ಅಪರೂಪ. ತಜ್ಞನು ಕೆಲಸವಿಲ್ಲದವನಲ್ಲ, ನಿಜ. ಆದರೆ ಮರುಪತ್ರವಿಲ್ಲದಿದ್ದರೆ ಅವನ ಕೆಲಸವೇ ಅರ್ಧವಾಗುವುದೆಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು.

ಕಳಚಿದ ಅಕ್ಷಿಪಟಲವನ್ನು ಅದರ ನೆಲೆಗೆ ಒತ್ತಿ ಹಿಡಿಯುವುದಕ್ಕಾಗಿ ಶಸ್ತ್ರವೈದ್ಯನು ಅನೇಕ ವೇಳೆ ಕಣ್ಣಿನೊಳಗೆ ಒಂದು ಬಗೆಯ ಅನಿಲವನ್ನು ತುಂಬುತ್ತಾನೆ. ಒಂದು ಜಾತಿಯ ಅನಿಲವು ಸುಮಾರು ಎರಡು ವಾರಗಳಲ್ಲಿ ಕರಗುವುದು, ಇನ್ನೊಂದು ಸುಮಾರು ಎರಡು ತಿಂಗಳವರೆಗೂ ಇರುವುದು. ಅಷ್ಟು ಕಾಲ ಆ ರೋಗಿಯು ಎತ್ತರದ ಪ್ರದೇಶಕ್ಕೆ ಹೋಗಬಾರದು, ಏಕೆಂದರೆ ಹೊರಗಿನ ವಾಯುಭಾರವು ಕಡಮೆಯಾದಂತೆ ಒಳಗಿನ ಅನಿಲವು ಹಿಗ್ಗಿ ಕಣ್ಣಿನ ಒತ್ತಡವನ್ನು ಅಪಾಯದ ಮಟ್ಟಕ್ಕೆ ಏರಿಸಬಹುದು. ವಿಮಾನದ ವಿಷಯದಲ್ಲಿ ಈ ಎಚ್ಚರಿಕೆಯನ್ನು ಸಾಮಾನ್ಯವಾಗಿ ಕೊಡುತ್ತಾರೆ. ಆದರೆ ಮಂಗಳೂರಿನ ಸಮುದ್ರತೀರದಲ್ಲಿ ಚಿಕಿತ್ಸೆ ಮಾಡಿಸಿಕೊಂಡು ಸಂಪಾಜೆಯ ಘಟ್ಟವನ್ನೇರಿ ಮಡಿಕೇರಿಯ ತನ್ನ ಮನೆಗೆ ಬಸ್ಸಿನಲ್ಲಿ ಹೋಗುವವನು ಸುಮಾರು 1,150 ಮೀಟರು ಮೇಲಕ್ಕೆ ಹೋಗುತ್ತಾನೆಂಬುದು ಯಾರಿಗಾದರೂ ಹೊಳೆಯಬೇಕಷ್ಟೆ. ಅದೇ ರೋಗಿಗೆ ಆ ಎರಡು ತಿಂಗಳಲ್ಲಿ ಕಾಲು ಮುರಿದು, ಮಂಪರಿಗಾಗಿ ನೈಟ್ರಸ್ ಆಕ್ಸೈಡ್ ಕೊಟ್ಟರೆ ಆಗಲೂ ಆ ಅನಿಲವು ಹಿಗ್ಗುವುದು. ಕಾಲನ್ನು ನೋಡುವ ವೈದ್ಯನಿಗೆ ಕಣ್ಣಿನೊಳಗೆ ಏನಿದೆಯೆಂದು ಹೇಗೆ ತಿಳಿಯಬೇಕು? ಊರಿನ ವೈದ್ಯನಿಗೆ ಮರುಪತ್ರವು ಬಂದಿದ್ದರೆ ತಿಳಿಯುವುದು. ಇಂಥ ಶಸ್ತ್ರಚಿಕಿತ್ಸೆಯ ಬಳಿಕ ಕೆಲವರು ದಿನಗಟ್ಟಲೆ ಮುಖವನ್ನು ಕೆಳಗೆ ಮಾಡಿಕೊಂಡೇ ಇರಬೇಕಾಗುತ್ತದೆ. ಮನೆಯವರಿಗೆ ಅದರ ಕಾರಣವನ್ನು ವಿವರಿಸದಿದ್ದರೆ, ಪಾಪ, ಬೆನ್ನುನೋವೆಂದು ಕನಿಕರಪಟ್ಟು ಅವರೇ ರೋಗಿಯನ್ನು ಅಂಗಾತ ಮಲಗಿಸಿಬಿಡುವರು.

ಮರುಪತ್ರಕ್ಕೆ ಉತ್ತರವೂ ಇರಬೇಕಾದ ಸಂದರ್ಭಗಳುಂಟು. 1993ರಲ್ಲಿ ಪ್ರಕಟವಾದ ಮಧುಮೇಹದ ಪ್ರಸಿದ್ಧ ಪರೀಕ್ಷೆಯಲ್ಲಿ, ರಕ್ತದ ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರ ಅಕ್ಷಿಪಟಲಗಳು ಕಾಲಾಂತರದಲ್ಲಿ ಬಹಳ ಚೆನ್ನಾಗಿ ಉಳಿದವು. ಆದರೆ ಮೊದಲ ಕೆಲವು ತಿಂಗಳುಗಳಲ್ಲಿ ಅವರಲ್ಲಿ ಕೆಲವರ ಕಣ್ಣುಗಳು ಇನ್ನಷ್ಟು ಕೆಟ್ಟವು. ಸಕ್ಕರೆಯನ್ನು ಬೇಗನೆ ಇಳಿಸುವ ವೈದ್ಯನು ತಾನು ಒಳ್ಳೆಯದನ್ನೇ ಮಾಡುತ್ತಿರುವನು. ಅದನ್ನು ನೇತ್ರತಜ್ಞನಿಗೆ ತಿಳಿಸದಿದ್ದರೆ ಆ ಒಳ್ಳೆಯದೇ ಕಣ್ಣಿಗೆ ಮುಳುವಾಗಬಹುದು. ಕೀಲುಗಳ ರೋಗಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಔಷಧಿಯ ವಿಷಯವು ಇದಕ್ಕೆ ವಿರುದ್ಧವಾದ ದಿಕ್ಕಿನದು. ಅದು ವರ್ಷಗಳ ಬಳಿಕ ಕೆಲವರ ಅಕ್ಷಿಪಟಲವನ್ನು ಕೆಡಿಸಬಹುದಾದ್ದರಿಂದ ಕಣ್ಣಿನ ಪರೀಕ್ಷೆ ಬೇಕು. ಆದರೆ ಪರೀಕ್ಷೆಯಲ್ಲಿ ಸಂದೇಹ ತೋರಿದೊಡನೆ ನೇತ್ರವೈದ್ಯನು ತಾನೊಬ್ಬನೇ ಅದನ್ನು ನಿಲ್ಲಿಸಿದರೆ, ಆ ಔಷಧಿಯ ಬಲದಿಂದ ತಡೆದುನಿಂತಿದ್ದ ಮೂಲರೋಗವು ಮೂತ್ರಪಿಂಡಗಳ ಮೇಲೆ ಎರಗಬಹುದು. ಒಬ್ಬನು ಕಣ್ಣನ್ನು ಮಾತ್ರ ಕಾಣುತ್ತಾನೆ, ಒಬ್ಬನು ಕಣ್ಣನ್ನು ಬಿಟ್ಟು ಉಳಿದುದನ್ನು ಕಾಣುತ್ತಾನೆ. ಇಬ್ಬರೂ ಮಾತನಾಡಿಕೊಳ್ಳದಿದ್ದರೆ ಎರಡಕ್ಕೂ ಒಡೆಯನಾದವನನ್ನು ಕಾಣುವವರಾರು?

ದೂರವೆಂಬುದು ಬಡವರ ಪಾಲಿಗೆ ದೊಡ್ಡ ರೋಗ. ಅದಕ್ಕೆ ಪ್ರತಿಕ್ರಿಯೆಯು ಕನ್ನಡನಾಡಿನಲ್ಲಿಯೇ ನಡೆದಿರುವುದು ಸಂತೋಷದ ವಿಷಯ. ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಕಿಡ್‌ರಾಪ್ ಎಂಬ ಹೆಸರಿನಿಂದ ಒಂದು ವ್ಯವಸ್ಥೆಯನ್ನು ಆರಂಭಿಸಿತು. ತರಬೇತಿ ಪಡೆದ ಸಹಾಯಕರು ಜಿಲ್ಲೆಗಳ ಆಸ್ಪತ್ರೆಗಳಿಗೆ ಕ್ಯಾಮರವನ್ನು ಒಯ್ದು, ಅಕಾಲದಲ್ಲಿ ಹುಟ್ಟಿದ ಶಿಶುಗಳ ಅಕ್ಷಿಪಟಲದ ಚಿತ್ರಗಳನ್ನು ತೆಗೆದು ಅಂತರಜಾಲದ ಮೂಲಕ ಕಳುಹಿಸುತ್ತಾರೆ. ತಜ್ಞನು ತಾನಿದ್ದಲ್ಲಿಂದಲೇ ನೋಡಿ ಅಭಿಪ್ರಾಯ ಕೊಡುತ್ತಾನೆ. ಹಸಿ ಬಾಣಂತಿಯು ಕೂಸನ್ನು ಕಟ್ಟಿಕೊಂಡು ನಗರಕ್ಕೆ ಅಲೆಯಬೇಕಾದದ್ದಿಲ್ಲ. ಇಲ್ಲಿ ಪರಾಧಿಕಾರಿಯೇ ರೋಗಿಯಿದ್ದೆಡೆಗೆ ಬಂದಂತಾಯಿತು. ಆದರೂ ಆ ಅಭಿಪ್ರಾಯವು ಬಂದ ಮೇಲೆ ತಾಯಿಯ ಎದುರು ಕುಳಿತು ಅದನ್ನು ಹೇಳುವ ಕೆಲಸವು ಸ್ಥಳದಲ್ಲಿರುವವರದೇ.

ಎಲ್ಲಕ್ಕಿಂತ ಕಠಿನವಾದದ್ದು, ಮಾಡತಕ್ಕದ್ದೇನೂ ಇಲ್ಲವೆಂಬ ಮರುಪತ್ರ. ಇರುಳಾದರೆ ಕಣ್ಣು ಕಾಣದೆಂದು ಹಳ್ಳಿಯ ಹುಡುಗನೊಬ್ಬನನ್ನು ಕರೆತಂದರೆಂದು ಭಾವಿಸಬಹುದು. ‘ಎ’ ಜೀವಸತ್ವದ ಕೊರತೆಯಿಂದ ಬಂದ ಇರುಳುಗುರುಡಾದರೆ ಊರಿನ ವೈದ್ಯನೇ ಗುಣಪಡಿಸುವನು. ಅದಲ್ಲವೆಂದು ಕಂಡು ಕಳುಹಿಸಿದ ಮೇಲೆ, ಇದು ವಂಶದಲ್ಲಿ ಬಂದ ಅಕ್ಷಿಪಟಲದ ಕ್ಷಯವೆಂದೂ, ದೃಷ್ಟಿಯು ವರ್ಷದಿಂದ ವರ್ಷಕ್ಕೆ ಅಂಚಿನಿಂದ ಒಳಕ್ಕೆ ಕುಗ್ಗುವುದೆಂದೂ, ಸಾಮಾನ್ಯವಾಗಿ ಇದಕ್ಕೆ ಚಿಕಿತ್ಸೆಯಿಲ್ಲವೆಂದೂ ತಜ್ಞನು ಬರೆಯುತ್ತಾನೆ. ಅವನ ವಿದ್ಯೆ ಅಲ್ಲಿಗೆ ನಿಂತಿತು. ಈ ರೋಗದ ಕೆಲವು ಪ್ರಭೇದಗಳು ರಕ್ತಸಂಬಂಧದ ವಿವಾಹಗಳಿಂದ ಹುಟ್ಟಿದವರಲ್ಲಿ ಹೆಚ್ಚಾಗಿ ಕಾಣಿಸುತ್ತವೆ. ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ರೂಢಿಯು ಕನ್ನಡನಾಡಿನ ಬಹು ಮನೆಗಳಲ್ಲಿದೆ. ಆ ಹುಡುಗನಿಗೆ ಒಬ್ಬ ಅಕ್ಕನಿದ್ದು, ಅವಳನ್ನು ಸೋದರಮಾವನಿಗೆ ಕೊಡುವ ಮಾತು ಮನೆಯಲ್ಲಿ ನಡೆದಿರಬಹುದು. ನಗರದ ತಜ್ಞನಿಗೆ ಅದು ತಿಳಿಯುವ ಸಂಭವವಿಲ್ಲ. ಆ ಮನೆಯ ಹೊಸಿಲನ್ನು ಇಪ್ಪತ್ತು ವರ್ಷಗಳಿಂದ ದಾಟಿ ಬಲ್ಲ ವೈದ್ಯನಿಗೆ ತಿಳಿದಿರುತ್ತದೆ. ಊರಿಗೆಲ್ಲ ಸುದ್ದಿಯಾಗಿ ಹುಡುಗಿಯ ಹೆಸರು ಕೆಡದಂತೆ, ತಾಯಿತಂದೆಗಳ ಮೇಲೆ ಅಪರಾಧವನ್ನು ಹೊರಿಸದಂತೆ, ತಜ್ಞನನ್ನು ಇನ್ನೊಮ್ಮೆ ಕೇಳಿ ನಿಶ್ಚಯಿಸಿಕೊಂಡು ಆ ಮಾತನ್ನು ಆಡಬೇಕಾದವನು ಅವನೊಬ್ಬನೇ. ಹೇಳಿದರೆ ಮನೆಯ ಸ್ನೇಹವು ಹೋದೀತು. ಹೇಳದಿದ್ದರೆ ಇನ್ನೊಂದು ಕೂಸು ಅದೇ ಕಣ್ಣಿನಿಂದ ಹುಟ್ಟೀತು.

ಹುಡುಗನ ಪಾಲಿನ ಕೆಲಸವಂತೂ ಉಳಿದೇ ಇದೆ. ದೃಷ್ಟಿಮಾಂದ್ಯಕ್ಕೆ 2016ರ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲಿ ಸ್ಥಾನವುಂಟು. ಅದರ ಪ್ರಮಾಣಪತ್ರಕ್ಕೆ ದಾರಿ ತೋರಿಸಬೇಕು. ಸಂಜೆಯ ಹೊತ್ತು ಬಾವಿಯ ಕಡೆಗೆ ಒಬ್ಬನನ್ನೇ ಕಳುಹಿಸಬೇಡಿರೆಂದು ಮನೆಯಲ್ಲಿ ಹೇಳಬೇಕು. ಶಾಲೆಯ ಮುಖ್ಯೋಪಾಧ್ಯಾಯರಿಗೂ ಒಂದು ಪತ್ರ ಬೇಕು: ಇವನು ಎಡವಿ ಬೀಳುವುದು ತುಂಟತನದಿಂದಲ್ಲ, ಇವನನ್ನು ಮುಂದಿನ ಸಾಲಿನಲ್ಲಿ ಕಿಟಕಿಯ ಬೆಳಕಿಗೆ ಕೂರಿಸಿರಿ, ಬ್ರೈಲ್ ಲಿಪಿಯನ್ನು ಕಣ್ಣಿರುವಾಗಲೇ ಕಲಿಸುವವರು ಹತ್ತಿರದಲ್ಲಿ ಇದ್ದಾರೆಯೇ ವಿಚಾರಿಸಿರಿ ಎಂದು. ಅದನ್ನು ಕನ್ನಡದಲ್ಲಿಯೇ ಬರೆದರೆ ಒಯ್ಯುವ ಹುಡುಗನೂ ದಾರಿಯಲ್ಲಿ ಓದಿಕೊಳ್ಳಬಹುದು.